ತುಂಡಾಗುತ್ತಿರುವ ಕಾಡು, ಮರೆಯಾಗುತ್ತಿರುವ ಸಣ್ಣ ಪ್ರಾಣಿಗಳು: ಗ್ರಾಮ ಪಂಚಾಯಿತಿಗಳ ಹೊಣೆ

(ಮಲೆನಾಡು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಸಾಮಾನ್ಯ ಸಭೆಗಳಲ್ಲಿ ಕಾಡುಪ್ರಾಣಿಗಳ ವಿಷಯ ಚರ್ಚೆಗೆ ಬಾರದ ತಿಂಗಳಿಲ್ಲ. ಆನೆ ಗದ್ದೆಗಿಳಿಯಿತು, ಕಾಟಿ ತೋಟ ತುಳಿಯಿತು, ಮಂಗಗಳು ಎಳೆಯ ಅಡಿಕೆಯನ್ನು ಉದುರಿಸಿದವು, ಚಿರತೆ ಕರುವನ್ನು ಹೊತ್ತೊಯ್ದಿತು ಎಂಬ ಅರ್ಜಿಗಳನ್ನು ನಾವೆಲ್ಲರೂ ಸ್ವೀಕರಿಸಿದ್ದೇವೆ, ಸಂಬಂಧಿಸಿದ ಇಲಾಖೆಗೆ ಕಳುಹಿಸಿದ್ದೇವೆ. ಇಂದು ನಾನು ಮಾತನಾಡಲಿರುವುದು ಯಾರ ಅರ್ಜಿಯಲ್ಲಿಯೂ ಕಾಣಿಸಿಕೊಳ್ಳದ ಪ್ರಾಣಿಗಳ ಕುರಿತು. ಕೆಲವೇ ಗ್ರಾಂ ತೂಗುವ ಸುಂಡಿಲಿಯಿಂದ ಹಿಡಿದು ಮೂರು ನಾಲ್ಕು ಕಿಲೋ ತೂಗುವ ಬರ್ಕದವರೆಗೆ, ಕಾಡಿಲಿ, ಅಳಿಲು, ಕೆಂದಳಿಲು, ಹಾರುಬೆಕ್ಕು, ಕಾಡುಪಾಪ, ಪುನುಗು ಬೆಕ್ಕುಗಳನ್ನು ಒಳಗೊಂಡ ಈ ಗುಂಪನ್ನು ಸಣ್ಣ ಸಸ್ತನಿಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಬಹುಪಾಲು ಇರುಳಿನಲ್ಲಿ ಸಂಚರಿಸುವಂಥವು. ಇವೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಆದಕಾರಣ ಇಲ್ಲವಾದಾಗಲೂ ಗಮನಕ್ಕೆ ಬರುವುದಿಲ್ಲ.

ಪಂಚಾಯಿತಿಯ ಸದಸ್ಯರಿಗೆ ಈ ವಿಷಯ ಏತಕ್ಕೆ ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ನನ್ನ ಉತ್ತರ ಇಷ್ಟೇ. ಹುಲಿ, ಆನೆಗಳ ಭವಿಷ್ಯವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಮಟ್ಟದಲ್ಲಿ ನಿರ್ಧರಿಸುತ್ತಾರೆ. ಸಣ್ಣ ಪ್ರಾಣಿಗಳ ಭವಿಷ್ಯ ನಿರ್ಧಾರವಾಗುವುದು ಅದಕ್ಕಿಂತ ಬಹಳ ಕೆಳಗೆ: ಒಂದು ಕಾನಿನ ನಡುವೆ ಹಾದುಹೋಗುವ ಕೂಡುರಸ್ತೆಯಲ್ಲಿ, ಒಂದು ಹಳ್ಳದ ದಂಡೆಯ ಮರಸಾಲಿನಲ್ಲಿ, ಒಂದು ಸೊಪ್ಪಿನಬೆಟ್ಟದ ಬಳಕೆಯಲ್ಲಿ. ಇವು ನಮ್ಮ ಕ್ರಿಯಾ ಯೋಜನೆಯ ಪುಟಗಳಲ್ಲಿ ಬರುವ ಸಂಗತಿಗಳು. ಹಾಗೆಯೇ ಇದರ ಲಾಭ ನಷ್ಟಗಳೂ ಕಾಡಿನೊಳಗೇ ಉಳಿಯುವುದಿಲ್ಲ. ನಮ್ಮ ತೋಟಕ್ಕೂ ಕೊಟ್ಟಿಗೆಗೂ ಆರೋಗ್ಯ ಕೇಂದ್ರಕ್ಕೂ ಬಂದು ತಲುಪುತ್ತವೆ.

ಕಡಿಮೆಯಾಗುವುದು ಬೇರೆ, ತುಂಡಾಗುವುದು ಬೇರೆ

ಕಾಡಿನ ವಿಸ್ತೀರ್ಣ ಕಡಿಮೆಯಾಗುವುದು ಒಂದು ಹಾನಿ. ಉಳಿದ ಕಾಡು ಚೂರುಚೂರಾಗಿ ಹಂಚಿಹೋಗುವುದು ಮತ್ತೊಂದು ಹಾನಿ. ಎರಡನೆಯದು ಪಹಣಿಯಲ್ಲಿ ಕಾಣುವುದಿಲ್ಲ. ಎಂಜಿನಿಯರಿಂಗ್ ಓದಿದವನಾದ ಕಾರಣ ನನಗೆ ಲೆಕ್ಕದ ಮೂಲಕ ವಿವರಿಸುವುದು ಸುಲಭ. ತಾವೂ ಕಾಗದದ ಮೇಲೆ ಬರೆದು ನೋಡಬಹುದು.

ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಚೌಕಾಕಾರದ ಕಾಡೊಂದಿದೆ ಎಂದುಕೊಳ್ಳೋಣ. ಅದರ ವಿಸ್ತೀರ್ಣ 100 ಹೆಕ್ಟೇರ್, ಅಂದರೆ ಸುಮಾರು 250 ಎಕರೆ. ಕಾಡಿನ ಅಂಚಿನಲ್ಲಿ ಬಿಸಿಲು ಹೆಚ್ಚು, ಗಾಳಿ ಹೆಚ್ಚು, ನೆಲದ ತರಗೆಲೆ ಬೇಗ ಒಣಗುತ್ತದೆ, ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ನುಗ್ಗುತ್ತವೆ, ಊರ ನಾಯಿ ಬೆಕ್ಕುಗಳು ಬಂದುಹೋಗುತ್ತವೆ. ಬ್ರೆಜಿಲಿನ ಮನೌಸ್ ನಗರದ ಬಳಿ 1979ರಲ್ಲಿ ಆರಂಭವಾಗಿ ದಶಕಗಳ ಕಾಲ ನಡೆದ ಅಧ್ಯಯನದಲ್ಲಿ ಇಂತಹ ಅಂಚಿನ ಪರಿಣಾಮಗಳಲ್ಲಿ ಹೆಚ್ಚಿನವು ಸುಮಾರು 100 ಮೀಟರ್ ಒಳಗಿನವರೆಗೆ ಕಂಡುಬಂದಿವೆ. ಕೆಲವು ಅದಕ್ಕಿಂತಲೂ ಒಳಕ್ಕೆ ಹೋಗಿವೆ. ನಾವು 100 ಮೀಟರನ್ನೇ ಹಿಡಿಯೋಣ. ನಾಲ್ಕೂ ಬದಿಯಿಂದ 100 ಮೀಟರ್ ಕಳೆದರೆ ಒಳಗೆ ಉಳಿಯುವ ನೆರಳಿನ, ತಂಪಿನ, ನಿಜವಾದ ಕಾಡು 800 ಮೀಟರ್ ಉದ್ದ 800 ಮೀಟರ್ ಅಗಲ, ಅಂದರೆ 64 ಹೆಕ್ಟೇರ್.

ಈಗ ಅದರ ನಟ್ಟನಡುವೆ ಒಂದು ರಸ್ತೆ ಬರಲಿ. ರಸ್ತೆಗೆ ಹೋದ ಜಾಗವನ್ನು ಲೆಕ್ಕಕ್ಕೇ ಹಿಡಿಯುವುದು ಬೇಡ. ಎರಡು ತುಂಡುಗಳಾದವು, ಪ್ರತಿಯೊಂದರ ಒಳಗಾಡು 24 ಹೆಕ್ಟೇರ್, ಒಟ್ಟು 48. ಅಡ್ಡಲಾಗಿ ಮತ್ತೊಂದು ರಸ್ತೆ ಬರಲಿ. ನಾಲ್ಕು ತುಂಡುಗಳು, ಒಂದೊಂದರ ಒಳಗಾಡು 9 ಹೆಕ್ಟೇರ್, ಒಟ್ಟು 36. ಹದಿನಾರು ತುಂಡುಗಳಾದರೆ ಒಟ್ಟು ಒಳಗಾಡು 4 ಹೆಕ್ಟೇರ್. ಇಪ್ಪತ್ತೈದು ತುಂಡುಗಳಾದರೆ ಪ್ರತಿಯೊಂದೂ 200 ಮೀಟರ್ ಚೌಕ. ಅದರ ಒಳಗಾಡು ಸೊನ್ನೆ. ದಾಖಲೆಯಲ್ಲಿ ಕಾಡು ಇನ್ನೂ 100 ಹೆಕ್ಟೇರ್ ಇದೆ. ಉಪಗ್ರಹದ ಚಿತ್ರದಲ್ಲಿಯೂ ಹಸಿರಾಗಿದೆ. ಆದರೆ ಒಳಗಾಡನ್ನೇ ನಂಬಿದ ಪ್ರಾಣಿಗೆ ಅಲ್ಲಿ ನಿಲ್ಲಲು ಒಂದು ಗೇಣು ನೆಲವೂ ಉಳಿದಿಲ್ಲ. ಇದರಲ್ಲಿ ಒತ್ತುವರಿಯಿಲ್ಲ, ಕಳ್ಳಸಾಗಣೆಯಿಲ್ಲ. ಪ್ರತಿಯೊಂದು ಗೆರೆಯೂ ಯಾರದೋ ನ್ಯಾಯವಾದ ಬೇಡಿಕೆಯಿಂದ ಬಂದಿರಬಹುದು. ಕಷ್ಟವಿರುವುದು ಗೆರೆಗಳನ್ನೆಲ್ಲ ಒಟ್ಟಿಗೆ ನೋಡುವವರು ಇಲ್ಲದಿರುವಲ್ಲಿ.

ಸಣ್ಣ ಪ್ರಾಣಿಗೆ ರಸ್ತೆಯೆಂದರೆ ಏನು?

ಆನೆ ಒಂದು ರಾತ್ರಿಯಲ್ಲಿ ಹಲವು ಕಿಲೋಮೀಟರ್ ನಡೆಯಬಲ್ಲದು. ಚಿರತೆ ಊರಿನ ನಡುವೆಯೇ ಹಾದುಹೋಗಬಲ್ಲದು. ಕಾಡಿಲಿಗೆ ಹತ್ತಿಪ್ಪತ್ತು ಮೀಟರ್ ಬಯಲು ಸಮುದ್ರದಷ್ಟು ದೊಡ್ಡದು. ಅದು ಬಯಲಿಗೆ ಬಂದರೆ ಗೂಬೆ, ಹಾವು, ನಾಯಿಗಳ ಬಾಯಿಗೆ ಸಿಗುತ್ತದೆ. ಆ ಭಯವೇ ಅದನ್ನು ತಡೆದು ನಿಲ್ಲಿಸುತ್ತದೆ. ಕೆನಡಾದಲ್ಲಿ ರಸ್ತೆಗಳ ಬದಿಯಲ್ಲಿ ಸಣ್ಣ ಸಸ್ತನಿಗಳನ್ನು ಹಿಡಿದು, ಗುರುತು ಮಾಡಿ ಬಿಟ್ಟು ನಡೆಸಿದ ಅಧ್ಯಯನವೊಂದು 1974ರಲ್ಲಿ ಪ್ರಕಟವಾಯಿತು. ಎರಡು ಬದಿಯ ಕಾಡಿನ ನಡುವಿನ ತೆರವು 20 ಮೀಟರಿಗಿಂತ ಹೆಚ್ಚಾದಲ್ಲಿ ಕಾಡಿನ ಸಣ್ಣ ಪ್ರಾಣಿಗಳು ರಸ್ತೆ ದಾಟುವುದು ಅಪರೂಪವೆಂದು ಅದು ತೋರಿಸಿತು. ನಮಗೆ ಮುಖ್ಯವಾದ ಅಂಶ ಮತ್ತೊಂದಿದೆ. ರಸ್ತೆ ಡಾಂಬರಿನದೋ ಮಣ್ಣಿನದೋ ಎಂಬುದಕ್ಕಿಂತ ತೆರವು ಎಷ್ಟು ಅಗಲವೆಂಬುದೇ ಅಲ್ಲಿ ನಿರ್ಣಾಯಕವಾಗಿತ್ತು. ಮೂರೂಮುಕ್ಕಾಲು ಮೀಟರ್ ರಸ್ತೆಗಾಗಿ ಹದಿನೆಂಟು ಇಪ್ಪತ್ತು ಮೀಟರ್ ಜಾಗವನ್ನು ಬೋಳು ಮಾಡುವ ರೂಢಿಯನ್ನು ನಾವು ಈ ಬೆಳಕಿನಲ್ಲಿ ನೋಡಬೇಕು.

ಮರವಾಸಿ ಪ್ರಾಣಿಗಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಕಂಡುಬರುವ ಒಂದು ಇಲಿಯಿದೆ. ಬೆನ್ನಿನ ಕೂದಲುಗಳ ನಡುವೆ ಚಪ್ಪಟೆಯಾದ ಮುಳ್ಳುಗಳು, ಬಾಲದ ತುದಿಯಲ್ಲಿ ಪೊದೆಯಂತಹ ಕುಚ್ಚು. ಕಾಳುಮೆಣಸು ತಿನ್ನುತ್ತದೆಂದು ಹಿಂದಿನ ಇಂಗ್ಲಿಷ್ ತೋಟಗಾರರು ಅದನ್ನು ಮೆಣಸಿನ ಇಲಿ ಎಂದು ಕರೆದಿದ್ದರು. ಹಳೆಯ ಮರಗಳ ಪೊಟರೆಯೇ ಅದರ ಮನೆ. ಕೊಂಬೆಯಿಂದ ಕೊಂಬೆಗೆ ತಾಗಿದ ಹಂದರವೇ ಅದರ ಹಾದಿ. ಕೆಂದಳಿಲು ಮರದ ಮೇಲೆಯೇ ಗೂಡು ಕಟ್ಟಿ, ಮರದ ಮೇಲೆಯೇ ಆಯುಷ್ಯ ಕಳೆಯುವಂಥದ್ದು. ಹಾರುಬೆಕ್ಕು ನಿಜವಾಗಿ ಹಾರುವುದಿಲ್ಲ. ಎತ್ತರದ ಮರದಿಂದ ತಗ್ಗಿನ ಮರಕ್ಕೆ ತೇಲಿಕೊಂಡು ಇಳಿಯುತ್ತದೆ. ಇಳಿಯಲು ಮರವಿಲ್ಲದಿದ್ದರೆ ಅದರ ಪ್ರಯಾಣ ಅಲ್ಲಿಗೇ ಮುಗಿಯಿತು. ಕಾಡುಪಾಪ ನಿಧಾನವಾಗಿ ಕೊಂಬೆ ಹಿಡಿದು ಸಾಗುವ ಜೀವಿ. ನೆಲಕ್ಕಿಳಿದರೆ ಅದಕ್ಕೆ ರಕ್ಷಣೆಯಿಲ್ಲ. ಇವುಗಳಿಗೆ ಬೇಕಾದುದು ಕೇವಲ ಮರಗಳಲ್ಲ, ಒಂದನ್ನೊಂದು ತಾಗಿದ ಮರಗಳು.

ತಡವಾಗಿ ಬರುವ ಬಾಕಿ

ಕಾಡು ತುಂಡಾದ ವರ್ಷವೇ ಪ್ರಾಣಿಗಳು ಸಾಯುವುದಿಲ್ಲ. ಇದರಿಂದಾಗಿಯೇ ನಾವು ಮೋಸ ಹೋಗುತ್ತೇವೆ. ರಸ್ತೆಯಾದ ಮರುವರ್ಷವೂ ಕೆಂದಳಿಲು ಕೂಗುತ್ತಿದ್ದರೆ ಏನೂ ಆಗಿಲ್ಲವೆಂದು ಭಾವಿಸುತ್ತೇವೆ. ಆದರೆ ಒಂದು ತುಂಡಿನಲ್ಲಿ ಇಪ್ಪತ್ತು ಮೂವತ್ತು ಪ್ರಾಣಿಗಳು ಮಾತ್ರ ಸಿಕ್ಕಿಹಾಕಿಕೊಂಡರೆ ಒಂದು ಬರಗಾಲ, ಒಂದು ಕಾಡ್ಗಿಚ್ಚು, ಒಂದು ರೋಗ ಸಾಕು. ಸಂಖ್ಯೆ ಹತ್ತಕ್ಕಿಳಿದರೆ ಹತ್ತಿರದ ರಕ್ತಸಂಬಂಧದಲ್ಲಿಯೇ ಸಂತಾನವಾಗುತ್ತದೆ, ಮರಿಗಳು ದುರ್ಬಲವಾಗುತ್ತವೆ. ಅಖಂಡ ಕಾಡಿನಲ್ಲಾದರೆ ಒಂದು ಕಡೆ ಖಾಲಿಯಾದ ಜಾಗಕ್ಕೆ ಪಕ್ಕದಿಂದ ಬಂದು ಸೇರಿಕೊಳ್ಳುತ್ತವೆ. ತುಂಡಾದ ಕಾಡಿಗೆ ಹೊರಗಿನಿಂದ ಯಾರೂ ಬರುವುದಿಲ್ಲ. ಕಾಡು ಕತ್ತರಿಸಿದ ದಿನ ನಾವು ಸಾಲಕ್ಕೆ ರುಜು ಹಾಕಿರುತ್ತೇವೆ. ವಸೂಲಿ ಇಪ್ಪತ್ತು ವರ್ಷಗಳ ಅನಂತರ ಆರಂಭವಾಗುತ್ತದೆ.

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ ಅಧ್ಯಯನ ಥಾಯ್ಲೆಂಡ್ ದೇಶದ ಸುರತ್ ಥಾನಿ ಪ್ರಾಂತ್ಯದ್ದು. ಅಲ್ಲಿ ಚಿಯೂ ಲಾನ್ ಎಂಬ ಜಲಾಶಯವಿದೆ. 1986-87ರಲ್ಲಿ ಅಣೆಕಟ್ಟಿನ ಹಿಂದೆ ನೀರು ನಿಂತಾಗ ಗುಡ್ಡಗಳ ತುದಿಗಳು ನಡುಗಡ್ಡೆಗಳಾಗಿ ಉಳಿದವು. ಶರಾವತಿ ಹಿನ್ನೀರನ್ನು ಬಲ್ಲ ನಮಗೆ ಈ ದೃಶ್ಯವನ್ನು ವರ್ಣಿಸುವ ಅಗತ್ಯವಿಲ್ಲ. ವಿಜ್ಞಾನಿಗಳು ಅಲ್ಲಿನ 16 ನಡುಗಡ್ಡೆಗಳನ್ನು ಆಯ್ದುಕೊಂಡು ಸಣ್ಣ ಸಸ್ತನಿಗಳನ್ನು ಎರಡು ಬಾರಿ ಎಣಿಸಿದರು: ನೀರು ನಿಂತ ಐದರಿಂದ ಏಳು ವರ್ಷಗಳ ಅನಂತರ ಒಮ್ಮೆ, ಇಪ್ಪತ್ತೈದು ಇಪ್ಪತ್ತಾರು ವರ್ಷಗಳ ಅನಂತರ ಮತ್ತೊಮ್ಮೆ. ಹತ್ತು ಹೆಕ್ಟೇರಿಗಿಂತ ಚಿಕ್ಕ ನಡುಗಡ್ಡೆಗಳಲ್ಲಿ ಮೊದಲ ಎಣಿಕೆಯ ಹೊತ್ತಿಗೇ ಸ್ಥಳೀಯ ಸಣ್ಣ ಸಸ್ತನಿಗಳು ಬಹುತೇಕ ಅಳಿದಿದ್ದವು. ಹತ್ತರಿಂದ ಐವತ್ತಾರು ಹೆಕ್ಟೇರ್ ವಿಸ್ತೀರ್ಣದ ದೊಡ್ಡ ನಡುಗಡ್ಡೆಗಳಲ್ಲಿ ಮೊದಲ ಎಣಿಕೆಯಲ್ಲಿ ಹಲವು ಜಾತಿಗಳಿದ್ದವು. ಎರಡನೆಯ ಎಣಿಕೆಯ ಹೊತ್ತಿಗೆ ಅವೂ ಹೆಚ್ಚುಕಡಿಮೆ ಬರಿದಾಗಿದ್ದವು. 2013ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಖಾಲಿಯಾದ ಜಾಗವನ್ನು ತುಂಬಿದ್ದು ಯಾರು? ಊರು, ತೋಟ, ಹಾಳುಬಿದ್ದ ನೆಲ ಎಲ್ಲಿಯಾದರೂ ಬದುಕಬಲ್ಲ ಒಂದು ಹೊಲದ ಇಲಿ. ಮರಗಳು ಹಾಗೆಯೇ ನಿಂತಿದ್ದವು, ದೂರದಿಂದ ಕಾಡು ಹಸಿರಾಗಿಯೇ ಕಾಣುತ್ತಿತ್ತು. ಒಳಗೆ ಬಹುಮಟ್ಟಿಗೆ ಒಂದೇ ಬಗೆಯ ಇಲಿ ಓಡಾಡುತ್ತಿತ್ತು.

ನಮ್ಮ ಕಾಡಿನ ತುಂಡುಗಳು ನೀರಿನ ನಡುವೆ ಇರುವುದು ಕಡಿಮೆ. ಗದ್ದೆ, ಅಡಿಕೆ ತೋಟ, ಕಾಫಿ ತೋಟ, ಬೇಣಗಳ ನಡುವೆ ಇವೆ. ಇದೇ ನಮ್ಮ ಪಾಲಿನ ಅನುಕೂಲ. ನೀರನ್ನು ಬದಲಾಯಿಸಲಾಗದು, ತೋಟವನ್ನು ಬದಲಾಯಿಸಬಹುದು. ಕಾಡುಮರಗಳ ನೆರಳಿನಲ್ಲಿ ಕಾಫಿ ಬೆಳೆದಿರುವ ಕಡೆ ಅಳಿಲು, ಪುನುಗು ಬೆಕ್ಕುಗಳು ಒಂದು ಕಾಡಿನಿಂದ ಮತ್ತೊಂದಕ್ಕೆ ಹಾದುಹೋಗಲು ಅವಕಾಶವಿರುತ್ತದೆ. ಅದೇ ನೆರಳನ್ನು ತೆಗೆದು ಒಂದೇ ಜಾತಿಯ ಸಿಲ್ವರ್ ಓಕ್ ಸಾಲುಗಳನ್ನು ನಿಲ್ಲಿಸಿದರೆ ಆ ಅವಕಾಶ ಕುಗ್ಗುತ್ತದೆ. ಕೊಡಗಿನಲ್ಲಿ ಸಾವಿರದ ಇನ್ನೂರರಷ್ಟು ದೇವರಕಾಡುಗಳು ದಾಖಲಾಗಿವೆ. ಅವುಗಳಲ್ಲಿ ಅನೇಕವು ಕೆಲವೇ ಎಕರೆಯವು. ಬಿಡಿಯಾಗಿ ನೋಡಿದರೆ ಚಿಕ್ಕವು. ನಡುವೆ ನೆರಳಿನ ತೋಟವಿದ್ದರೆ ಅವು ಮೆಟ್ಟಿಲುಗಳಾಗುತ್ತವೆ. ನಮ್ಮ ಕಾನು, ಸೊಪ್ಪಿನಬೆಟ್ಟ, ನಾಗಬನ, ಚೌಡಿಬನಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಸಣ್ಣ ಪ್ರಾಣಿ ಹೋದರೆ ನಮಗೇನು ನಷ್ಟ?

ಮೊದಲನೆಯದು, ಕಾಡನ್ನು ನೆಡುವವರು ಹೋಗುತ್ತಾರೆ. ಅಳಿಲು, ಇಲಿಗಳು ಬೀಜಗಳನ್ನು ಹೊತ್ತೊಯ್ದು ಬಚ್ಚಿಡುತ್ತವೆ. ತಿನ್ನದೆ ಮರೆತವು ಮೊಳೆಯುತ್ತವೆ. ಪುನುಗು ಬೆಕ್ಕು ಹಣ್ಣು ತಿಂದು ಬೀಜವನ್ನು ದೂರದಲ್ಲಿ ಹಾಕುತ್ತದೆ. ನಾವು ವನಮಹೋತ್ಸವದಂದು ಗುಂಡಿಯೊಂದಕ್ಕೆ ಇಂತಿಷ್ಟು ಎಂದು ಹಣ ಕೊಟ್ಟು ಮಾಡಿಸುವ ಕೆಲಸವನ್ನು ಇವು ಕೂಲಿಯಿಲ್ಲದೆ ಮಾಡುತ್ತವೆ.

ಎರಡನೆಯದು, ಇಲಿಗಳನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಸಡಿಲವಾಗುತ್ತದೆ. ಕಾಡು ಚೂರಾದಾಗ ಎಲ್ಲ ಪ್ರಾಣಿಗಳೂ ಒಂದೇ ಸಮನೆ ಕಡಿಮೆಯಾಗುವುದಿಲ್ಲ. ಇಂತಹದೇ ಆಹಾರ, ಇಂತಹದೇ ಪೊಟರೆ ಬೇಕೆನ್ನುವ ಪ್ರಾಣಿಗಳು ಮೊದಲು ಹೋಗುತ್ತವೆ. ಏನನ್ನಾದರೂ ತಿಂದು ಎಲ್ಲಿಯಾದರೂ ಮರಿ ಹಾಕುವ ಇಲಿ ಹೆಗ್ಗಣಗಳು ಉಳಿದು ಹೆಚ್ಚುತ್ತವೆ. ಅವುಗಳನ್ನು ಹಿಡಿಯುವ ಗೂಬೆಗೂ ಕಾಡುಬೆಕ್ಕಿಗೂ ಪೊಟರೆ, ಪೊದೆ ಬೇಕು. ಅವೂ ಇಲ್ಲವಾದರೆ ಏಲಕ್ಕಿಗೆ, ತೆಂಗಿಗೆ, ಭತ್ತದ ಕಣಜಕ್ಕೆ ಆಗುವ ಹಾನಿಯನ್ನು ನಾವು ಪಾಷಾಣದ ಪೊಟ್ಟಣದಿಂದ ಸರಿಪಡಿಸಲು ಹೊರಡುತ್ತೇವೆ. ಆ ಪಾಷಾಣ ತಿಂದ ಇಲಿಯನ್ನು ತಿಂದು ಉಳಿದ ಗೂಬೆಯೂ ಸಾಯುತ್ತದೆ.

ಮೂರನೆಯದು ಆರೋಗ್ಯ. ಈ ಜಿಲ್ಲೆಯ ಜನರಿಗೆ ಇದನ್ನು ಎಚ್ಚರಿಕೆಯಿಂದ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೆ ಜ್ವರ ಬಂತು. ಆ ಕಾಡಿನ ಹೆಸರೇ ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ರೋಗದ ಹೆಸರಾಯಿತು. ಮಂಗನ ಕಾಯಿಲೆ ಎಂದು ನಾವು ಕರೆದರೂ ಅದನ್ನು ಹರಡುವುದು ಉಣುಗು. ಉಣುಗಿನ ಮರಿಗಳು ನೆಲದ ಮೇಲಿನ ಇಲಿ, ಸುಂಡಿಲಿ, ಅಳಿಲುಗಳ ರಕ್ತ ಕುಡಿದು ಬೆಳೆಯುತ್ತವೆ. ಕಾಡಿಲಿ, ಸುಂಡಿಲಿ, ಕಾಡಿನ ಅಳಿಲುಗಳಲ್ಲಿ ಈ ವೈರಸ್ ಪತ್ತೆಯಾಗಿದೆ. ಬೆಳೆದ ಉಣುಗುಗಳಿಗೆ ಮೇಯಲು ಹೋದ ದನಕರುಗಳು ಆಶ್ರಯವಾಗುತ್ತವೆ. ಕಾಡು ಕಡಿದು ಸಾಗುವಳಿಗೆ ತೆರೆದದ್ದು, ಕಾಡಂಚಿನಲ್ಲಿ ದನಗಳ ಮೇವು ಹೆಚ್ಚಿದ್ದು, ಲಂಟಾನದ ಪೊದೆ ಹಬ್ಬಿದ್ದು, ಇವೆಲ್ಲ ಕೂಡಿ ರೋಗ ಮೇಲೆದ್ದಿತೆಂದು ಬೋಷೆಲ್ ಎಂಬ ವಿಜ್ಞಾನಿ 1969ರಲ್ಲಿಯೇ ವಿವರಿಸಿದ್ದರು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದು ಗೇರು ತೋಟಕ್ಕೆ ನೆಲ ಸಿದ್ಧಪಡಿಸಿದ ಪ್ರದೇಶದಿಂದಲೇ ದೊಡ್ಡ ಪ್ರಮಾಣದಲ್ಲಿ ರೋಗ ಹರಡಿತು; ಸಾವಿರಕ್ಕೂ ಹೆಚ್ಚು ಜನ ಬಾಧಿತರಾದರು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅನುಭವಿಸಿದ ದುಃಖವನ್ನು ತಾವು ಬಲ್ಲಿರಿ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೇವಭರಿತ ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಬೆರೆತಿರುವ, ನಾಡುದನಗಳ ಸಂಖ್ಯೆ ಹೆಚ್ಚಿರುವ ಪ್ರದೇಶಗಳಲ್ಲಿಯೇ ಈ ರೋಗದ ಅಪಾಯ ಹೆಚ್ಚೆಂದು ಗುರುತಿಸಿತು. ಅಂದರೆ ಕಾಡು ಮತ್ತು ಊರು ಹೆಣೆದುಕೊಂಡಿರುವ ಅಂಚು. ನಾವು ವಾಸಿಸುತ್ತಿರುವುದು ಅಲ್ಲಿಯೇ.

ಇದನ್ನು ಕೇಳಿ, ಹಾಗಾದರೆ ಇಲಿ ಅಳಿಲುಗಳನ್ನು ಕೊಂದುಬಿಡೋಣ, ಕಾನನ್ನು ತೆಗೆದುಬಿಡೋಣ ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ಕಾಡನ್ನು ಇನ್ನಷ್ಟು ಚೂರು ಮಾಡಿದರೆ ಅಂಚು ಹೆಚ್ಚುತ್ತದೆ. ಅಂಚು ಹೆಚ್ಚಿದಷ್ಟೂ ನಾವು, ದನಗಳು, ಉಣುಗುಗಳು ಒಟ್ಟುಗೂಡುವ ಜಾಗ ಹೆಚ್ಚುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡಚೆಸ್ ಕೌಂಟಿಯಲ್ಲಿ ಉಣುಗಿನಿಂದಲೇ ಹರಡುವ ಲೈಮ್ ರೋಗದ ಬಗ್ಗೆ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಹೆಕ್ಟೇರಿಗಿಂತ ಚಿಕ್ಕದಾದ ಕಾಡಿನ ತುಂಡುಗಳಲ್ಲಿಯೇ ಸೋಂಕಿನ ಉಣುಗುಗಳ ದಟ್ಟಣೆ ಹೆಚ್ಚಾಗಿತ್ತು. ಚಿಕ್ಕ ತುಂಡಿನಲ್ಲಿ ಬೇರೆ ಪ್ರಾಣಿಗಳು ಅಳಿದು, ಆ ರೋಗಾಣುವನ್ನು ಹೊರುವ ಒಂದು ಜಾತಿಯ ಇಲಿ ತುಂಬಿಕೊಳ್ಳುತ್ತದೆ. ಆ ರೋಗ ಬೇರೆ, ನಮ್ಮ ರೋಗ ಬೇರೆ. ಆದರೂ ಹಲವು ಪ್ರಾಣಿಗಳಿರುವ ದೊಡ್ಡ ಕಾಡು, ಒಂದೆರಡೇ ಪ್ರಾಣಿಗಳಿರುವ ಚಿಕ್ಕ ಕಾಡಿಗಿಂತ ಒಳ್ಳೆಯ ನೆರೆಯೆಂಬುದನ್ನು ಅದರಿಂದ ತಿಳಿಯಬಹುದು.

ಒಂದು ರಸ್ತೆಯ ಚರ್ಚೆ

ಹೀಗೆ ಹೇಳುವುದು ಸುಲಭ. ಗ್ರಾಮಸಭೆಯಲ್ಲಿ ನಿಭಾಯಿಸುವುದು ಕಷ್ಟ. ನಾನು ಕೆಲಸ ಮಾಡುವ ಪಂಚಾಯಿತಿಯಲ್ಲಿ ಹನ್ನೊಂದು ಮನೆಗಳ ಒಂದು ಕೇರಿಗೆ ಸರ್ವಋತು ರಸ್ತೆ ಬೇಕೆಂಬ ಬೇಡಿಕೆಯಿತ್ತು. ನೇರ ದಾರಿ ಪಂಚಾಯಿತಿಯ ವಶದಲ್ಲಿರುವ ಚಿಕ್ಕ ಕಾನಿನ ನಡುವೆ ಹಾದುಹೋಗುವ ಕಾಲುಹಾದಿ. ಅದನ್ನೇ ಅಗಲ ಮಾಡಿದರೆ ಕಡಿಮೆ ಖರ್ಚು, ಬೇಗ ಕೆಲಸ. ಕಾನು ಎರಡಾಗುತ್ತದೆ, ಅಲ್ಲಿ ಕೆಂದಳಿಲಿನ ಗೂಡುಗಳಿವೆ ಎಂದು ದನ ಕಾಯುವ ಹಿರಿಯರೊಬ್ಬರು ಹೇಳಿದಾಗ ಸಭೆಯಲ್ಲಿ ನಗು ಎದ್ದಿತು. ಆಗ ಆ ಕೇರಿಯ ಹೆಣ್ಣುಮಗಳೊಬ್ಬರು ಎದ್ದು ನಿಂತು, "ಮಳೆಗಾಲದಲ್ಲಿ ಬಸುರಿಯನ್ನು ಕಂಬಳಿಯಲ್ಲಿ ಹೊತ್ತುಕೊಂಡು ಹೋಗುವವರು ನಾವು. ಅಳಿಲಿನ ಲೆಕ್ಕ ಇಡುವವರು ನಮ್ಮ ಲೆಕ್ಕವನ್ನೂ ಇಡಿ" ಎಂದರು. ನಗು ನಿಂತಿತು. ಇಬ್ಬರ ಮಾತೂ ಸತ್ಯವಾಗಿತ್ತು.

ಮುಂದಿನ ವಾರ ಕಿರಿಯ ಎಂಜಿನಿಯರ್, ಆ ಹಿರಿಯರು, ಆ ಹೆಣ್ಣುಮಗಳು, ಇಬ್ಬರು ಸದಸ್ಯರು ಸೇರಿ ಸ್ಥಳ ನೋಡಿದೆವು. ಕಾನಿನ ಹೊರ ಅಂಚನ್ನು ಬಳಸಿ ಹೋದರೆ ಸುಮಾರು ಮುನ್ನೂರು ಮೀಟರ್ ಹೆಚ್ಚಾಗುತ್ತಿತ್ತು, ಒಂದು ಮೋರಿ ಹೆಚ್ಚಿಗೆ ಬೇಕಾಗುತ್ತಿತ್ತು, ಇಬ್ಬರು ಹಿಡುವಳಿದಾರರು ತಮ್ಮ ಬೇಣದ ಬದಿಯಲ್ಲಿ ಜಾಗ ಬಿಡಬೇಕಾಗಿತ್ತು. ಹೆಚ್ಚುವರಿ ಹಣಕ್ಕಾಗಿ ಅದೇ ವರ್ಷದ ಬೇರೊಂದು ಚರಂಡಿ ಕಾಮಗಾರಿಯನ್ನು ಮುಂದೂಡಬೇಕಾಗಿತ್ತು. ಮೂರು ಸಭೆಗಳ ಚರ್ಚೆಯ ಅನಂತರ ಅಂಚಿನ ದಾರಿಯೇ ತೀರ್ಮಾನವಾಯಿತು. ಚರಂಡಿ ತಪ್ಪಿದ ವಾರ್ಡಿನ ಸದಸ್ಯರಿಗೆ ಇಂದಿಗೂ ಅಸಮಾಧಾನವಿದೆ, ಅದು ನ್ಯಾಯವಾದುದೇ. ಕಾನನ್ನು ಉಳಿಸುವುದಕ್ಕೆ ಬೆಲೆಯಿದೆ. ಆ ಬೆಲೆಯನ್ನು ಯಾರು ಕೊಡುತ್ತಿದ್ದಾರೆ ಎಂಬುದನ್ನು ನಡಾವಳಿಯಲ್ಲಿ ಬರೆದು, ಮುಂದಿನ ವರ್ಷ ಅವರಿಗೆ ಆದ್ಯತೆ ನೀಡುವುದು ಪಂಚಾಯಿತಿಯ ಧರ್ಮ. ರಸ್ತೆ ಬೇಡವೆನ್ನುವ ಹಕ್ಕು ನಮಗಿಲ್ಲ. ರಸ್ತೆ ಎಲ್ಲಿ, ಎಷ್ಟು ಅಗಲ, ಹೇಗೆ ಎಂದು ಕೇಳುವ ಕರ್ತವ್ಯ ನಮಗಿದೆ.

ನಮ್ಮ ಅಧಿಕಾರದ ಮಿತಿಯಲ್ಲಿ ಮಾಡಬಹುದಾದ ಕೆಲಸಗಳು

ಅರಣ್ಯ ಇಲಾಖೆಯ ಅಧೀನದ ನೆಲದಲ್ಲಿ ನಾವು ಸ್ವತಂತ್ರವಾಗಿ ಏನನ್ನೂ ಮಾಡುವಂತಿಲ್ಲ. ನಮ್ಮ ವ್ಯಾಪ್ತಿಯಲ್ಲಿಯೇ ಇರುವ ಕೆಲಸಗಳನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ಒಂದು. ಕ್ರಿಯಾ ಯೋಜನೆ ತಯಾರಿಸುವ ಮುನ್ನ ಗ್ರಾಮದ ನಕ್ಷೆಯ ಮೇಲೆ ಕಾನು, ಸೊಪ್ಪಿನಬೆಟ್ಟ, ದೇವರಬನ, ಹಳ್ಳದ ದಂಡೆ, ಕೆರೆಯಂಗಳಗಳನ್ನು ಹಸಿರು ಬಣ್ಣದಲ್ಲಿ ಗುರುತಿಸಿ, ಪ್ರಸ್ತಾವಿತ ಕಾಮಗಾರಿಗಳನ್ನು ಕೆಂಪು ಗೆರೆಯಲ್ಲಿ ಎಳೆಯಿರಿ. ಕೆಂಪು ಗೆರೆ ಹಸಿರನ್ನು ಎಲ್ಲಿ ಕತ್ತರಿಸುತ್ತದೆಯೋ ಅಲ್ಲಿ ಮಾತ್ರ ಸ್ಥಳ ಪರಿಶೀಲನೆ ನಡೆಸಿ. ಇದಕ್ಕೆ ಖರ್ಚಿಲ್ಲ, ಅರ್ಧ ದಿನದ ಕೆಲಸ.

ಎರಡು. ಕಾಡಿನ ನಡುವಿನ ರಸ್ತೆ ಅನಿವಾರ್ಯವಾದಲ್ಲಿ ತೆರವನ್ನು ಕೆಲಸಕ್ಕೆ ಬೇಕಾದಷ್ಟಕ್ಕೇ ಸೀಮಿತಗೊಳಿಸಿ. ನೂರು ಇನ್ನೂರು ಮೀಟರಿಗೊಂದು ಕಡೆಯಾದರೂ ಎರಡು ಬದಿಯ ಮರಗಳ ಕೊಂಬೆಗಳು ಮೇಲೆ ಕೂಡಿಕೊಳ್ಳಲು ಬಿಡಿ. ತಂತಿಗಾಗಿ ಮರ ಸವರುವಾಗ ವಿದ್ಯುತ್ ಕಂಪನಿಯವರೊಡನೆ ಮಾತನಾಡಿ, ಹೊದಿಕೆಯಿರುವ ತಂತಿ ಬಳಸಲು ಸಾಧ್ಯವೇ ಎಂದು ಲಿಖಿತವಾಗಿ ಕೇಳಿ. ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳಿಗಾಗಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆಗಳನ್ನು ಕಟ್ಟಿದ್ದಾರೆ. ಕೊಂಬೆಗಳನ್ನು ಕಡಿದು ಆಮೇಲೆ ಹಗ್ಗದ ಸೇತುವೆ ಕಟ್ಟುವುದಕ್ಕಿಂತ ಕೊಂಬೆಯನ್ನೇ ಉಳಿಸುವುದು ಅಗ್ಗ.

ಮೂರು. ಹಳ್ಳಕ್ಕೆ ಮೋರಿ ಕಟ್ಟುವಾಗ ಒಂದು ಬದಿಯಲ್ಲಿ ಒಂದೂವರೆ ಅಡಿ ಅಗಲದ ಒಣ ಜಗುಲಿಯೊಂದನ್ನು ಸೇರಿಸಿ. ನೀರು ಹರಿಯುವಾಗಲೂ ಸಣ್ಣ ಪ್ರಾಣಿಗಳು ರಸ್ತೆಯ ಕೆಳಗೆ ದಾಟಬಹುದು. ಅಂದಾಜು ಪಟ್ಟಿಯಲ್ಲಿ ಇದು ದೊಡ್ಡ ಬಾಬ್ತಲ್ಲ. ಆದರೆ ಪಟ್ಟಿ ತಯಾರಾಗುವ ಮೊದಲೇ ಹೇಳಬೇಕು.

ನಾಲ್ಕು. ಉದ್ಯೋಗ ಖಾತರಿಯಲ್ಲಿ ಗಿಡ ನೆಡುವಾಗ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ನೆಡುವ ಬದಲು ಎರಡು ಕಾನುಗಳ ನಡುವಿನ ಹಳ್ಳದ ದಂಡೆ, ರಸ್ತೆ ಬದಿ, ಶಾಲೆಯ ಬೇಲಿಗಳನ್ನು ಆರಿಸಿಕೊಳ್ಳಿ. ಅಕೇಶಿಯಾದ ಬದಲು ಹೆಬ್ಬಲಸು, ಹಲಸು, ನೇರಳೆ, ಅತ್ತಿ, ಮುರುಗಲು, ಉಪ್ಪಾಗೆ, ಬೈನೆ, ಹೊನ್ನೆ, ಮತ್ತಿಗಳನ್ನು ಬೆರೆಸಿ ನೆಡಿ. ಹಣ್ಣು ಪ್ರಾಣಿಗೂ ಆದೀತು, ಮುರುಗಲು ಉಪ್ಪಾಗೆಯ ಸಿಪ್ಪೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೂ ಆದೀತು.

ಐದು. ಪೊಟರೆಯಿರುವ ಹಳೆಯ ಮರವನ್ನು ಟೊಳ್ಳುಮರವೆಂದು ಹರಾಜಿಗೆ ಹಾಕಬೇಡಿ. ಜನರ ಮೇಲೆ, ಮನೆಯ ಮೇಲೆ ಬೀಳುವ ಅಪಾಯವಿಲ್ಲದಿದ್ದರೆ ಅದು ನಿಲ್ಲಲಿ. ಇಂದು ನೆಟ್ಟ ಸಸಿಯಲ್ಲಿ ಪೊಟರೆಯಾಗಲು ಒಂದು ತಲೆಮಾರು ಸಾಲದು.

ಆರು. ಕಸ ವಿಲೇವಾರಿ ಘಟಕವನ್ನು ಕಾಡಂಚಿನಲ್ಲಿ ಮಾಡಬೇಡಿ. ಕಸವಿದ್ದಲ್ಲಿ ಹೆಗ್ಗಣ, ನಾಯಿಗಳು ಹೆಚ್ಚುತ್ತವೆ. ನಾಯಿಗಳು ಬರ್ಕ, ಮೊಲ, ಕಾಡುಪಾಪಗಳನ್ನು ಮುಗಿಸುತ್ತವೆ. ದರಕು ಗುಡಿಸುವಲ್ಲಿಯೂ ಸರದಿ ಇರಲಿ. ಪ್ರತಿವರ್ಷ ಒಂದು ಭಾಗವನ್ನು ಗುಡಿಸದೆ ಬಿಡಿ. ಮಂಗನ ಕಾಯಿಲೆಯ ಋತುವಿನಲ್ಲಿ ದರಕು, ಸೌದೆಗೆ ಹೋಗುವವರು ಆರೋಗ್ಯ ಇಲಾಖೆ ನೀಡುವ ತೈಲವನ್ನು ಹಚ್ಚಿಕೊಳ್ಳುವಂತೆ, ಮೈ ಮುಚ್ಚುವ ಬಟ್ಟೆ ತೊಡುವಂತೆ, ಸತ್ತ ಮಂಗ ಕಂಡರೆ ಮುಟ್ಟದೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸುವಂತೆ ವಾರ್ಡ್ ಸಭೆಯಲ್ಲಿ ಹೇಳಿ.

ಏಳು. 2002ರ ಜೀವವೈವಿಧ್ಯ ಕಾಯ್ದೆಯ 41ನೆಯ ಪ್ರಕರಣದಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ತಯಾರಾಗಬೇಕು. ಅನೇಕ ಕಡೆ ಈ ದಾಖಲಾತಿ ಬೀರುವಿನಲ್ಲಿದೆ. ಅದನ್ನು ಹೊರತೆಗೆದು, ಸಣ್ಣ ಪ್ರಾಣಿಗಳ ಪುಟ ತುಂಬಿದೆಯೇ ನೋಡಿ. ದನ ಕಾಯುವವರನ್ನು, ಜೇನು ಕೀಳುವವರನ್ನು, ಸೊಪ್ಪು ತರುವ ಹೆಂಗಸರನ್ನು, ರಾತ್ರಿ ತೋಟಕ್ಕೆ ನೀರು ಹಾಯಿಸುವವರನ್ನು ಕೇಳಿ: ಯಾವ ಪ್ರಾಣಿಯನ್ನು ಹಿಂದೆ ನೋಡಿದ್ದಿರಿ, ಕೊನೆಯ ಬಾರಿ ಯಾವಾಗ ನೋಡಿದಿರಿ, ಎಲ್ಲಿ? ಊರಿನ ಹೆಸರಿನಲ್ಲಿಯೇ ಕರೆಯುವ ಹೆಸರನ್ನು ಬರೆದುಕೊಳ್ಳಿ. ಹತ್ತು ವರ್ಷಗಳ ಅನಂತರ ಬರುವ ಸದಸ್ಯರಿಗೆ ಸಾಲ ಎಷ್ಟು ಬೆಳೆದಿದೆ ಎಂದು ತಿಳಿಯಲು ಇರುವ ಲೆಕ್ಕಪುಸ್ತಕ ಅದೊಂದೇ. ವಿಶೇಷ ತಾಣಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲು ಇದೇ ಕಾಯ್ದೆಯಲ್ಲಿ ಅವಕಾಶವಿದೆ. ದೇವನಹಳ್ಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ಹಾಗೆ ಘೋಷಿತವಾಯಿತು. ನಮ್ಮ ಸಾಗರ ತಾಲ್ಲೂಕಿನ ಅಂಬಾರಗುಡ್ಡವೂ ಆ ಪಟ್ಟಿಯಲ್ಲಿದೆ.

ಸದಸ್ಯ ಬಂಧುಗಳೇ, ನಮ್ಮ ಅವಧಿ ಐದು ವರ್ಷ. ಕಾಡು ತುಂಡಾದುದರ ಫಲ ಕಾಣಿಸಿಕೊಳ್ಳಲು ಇಪ್ಪತ್ತು ಇಪ್ಪತ್ತೈದು ವರ್ಷ ಬೇಕು. ಆ ಕಾರಣದಿಂದಲೇ ಈ ವಿಷಯದಲ್ಲಿ ನಮ್ಮನ್ನು ಯಾರೂ ಚುನಾವಣೆಯಲ್ಲಿ ಪ್ರ‌ಶ್ನಿಸುವುದಿಲ್ಲ, ಯಾರೂ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಹಾಕುವುದಿಲ್ಲ. ಕೇಳುವವರಿಲ್ಲದ ಕಡೆ ತಾನಾಗಿಯೇ ಲೆಕ್ಕ ಇಡುವುದು ಹೆಚ್ಚಿನ ಹೊಣೆ. ತಮ್ಮಲ್ಲಿ ನನ್ನ ವಿನಂತಿ ಒಂದೇ: ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಹಸಿರು ಮತ್ತು ಕೆಂಪು ಗೆರೆಗಳ ಆ ನಕ್ಷೆಯನ್ನು ಒಂದು ವಿಷಯವಾಗಿ ಸೇರಿಸಿ. ನಕ್ಷೆಯನ್ನು ಮೇಜಿನ ಮೇಲೆ ಹರಡಿದ ಬಳಿಕ ಉಳಿದ ಚರ್ಚೆ ತಾನಾಗಿ ಆರಂಭವಾಗುತ್ತದೆ.